ಎಡಗೈಯೋ ಬಲಗೈಯೋ

ಹದಿನೆಂಟು ವರ್ಷ ವೃತ್ತಿ ನಾಟಕ ಕಂಪನಿಗಳಲ್ಲಿ ಗೌಡ, ಮಾವ, ಫೌಜದಾರ ಎಂದು ಬಣ್ಣ ಹಚ್ಚಿದ ನನ್ನ ಮರ್ಯಾದೆಯನ್ನು ಕ್ಯಾಮೆರಾದ ಮುಂದೆ ಮೊದಲ ದಿನವೇ ಕಳೆದದ್ದು ಒಂದು ಕಪ್ ಚಹಾ.

ಬೆಂಗಳೂರಿನಲ್ಲಿ ಧಾರಾವಾಹಿಯ ಚಿತ್ರೀಕರಣ. ನಾನು ಹುಡುಗಿಯ ತಂದೆ. ವೈಡ್ ಶಾಟ್‌ನಲ್ಲಿ ಬಲಗೈಯಿಂದ ಕಪ್ಪು ಎತ್ತಿ, ಒಂದು ಗುಟುಕು ಕುಡಿದು, ಈ ಸಂಬಂಧ ಬೇಡ ಎಂದೆ. ಕ್ಲೋಸ್‌ಅಪ್‌ನಲ್ಲಿ ಮೊದಲು ಬೇಡ ಎಂದು, ಆಮೇಲೆ ಎಡಗೈಯಿಂದ ಕುಡಿದೆ. ನನಗೆ ಅದರ ಪರಿವೆಯೇ ಇರಲಿಲ್ಲ. ನನ್ನ ಮಗಳ ವಯಸ್ಸಿನ ಸಹಾಯಕ ನಿರ್ದೇಶಕಿ ಬಂದು "ಸರ್, ಕಂಟಿನ್ಯೂಟಿ" ಎಂದಳು. ಒಂದು ಶಾಟ್‌ನಲ್ಲಿ ಮಾಡಿದ್ದು ಮುಂದಿನದರಲ್ಲೂ ಹಾಗೆಯೇ ಇರಬೇಕು ಎಂದರ್ಥ. ಏಳು ಸಲ ತೆಗೆದರು. ಅಷ್ಟೂ ಆರಿದ ಚಹಾ ನನ್ನ ಹೊಟ್ಟೆ ಸೇರಿತು.

ನನ್ನೂರು ಗದಗ, ಗರುಡ ಸದಾಶಿವರಾಯರ ಕಂಪನಿಯ ಊರು. ಅಲ್ಲಿ ಕಲಿತವನಿಗೆ ನಿನ್ನೆ ಮಾಡಿದ್ದನ್ನೇ ಇಂದೂ ಮಾಡುವುದು ಸೋಮಾರಿತನ. ಬನಶಂಕರಿ ಜಾತ್ರೆಯಲ್ಲಿ ದಿನಕ್ಕೆ ಎರಡು ಮೂರು ಪ್ರಯೋಗವಾದರೂ ಚಪ್ಪಾಳೆ ಬಿದ್ದ ಕಡೆ ಎಳೆಯುತ್ತೇವೆ, ಬೀಳದ ಕಡೆ ಹಾರಿಸುತ್ತೇವೆ. ಮಾತು ಮರೆತರೆ ಸೈಡ್‌ವಿಂಗಿನಲ್ಲಿ ಪ್ರಾಂಪ್ಟರ್ ಇದ್ದಾನೆ. ಕೈ ಮರೆತರೆ ನೆನಪಿಸಲು ಯಾರೂ ಇರಲಿಲ್ಲ, ಅದರ ಅಗತ್ಯವೂ ಬಿದ್ದಿರಲಿಲ್ಲ.

ಆಮೇಲೆ ನಾನು ಕಿಸೆಯಲ್ಲಿ ಒಂದು ಸಣ್ಣ ನೋಟುಬುಕ್ಕು ಇಟ್ಟುಕೊಂಡೆ. ಶಾಟ್ ಮುಗಿದ ತಕ್ಷಣ ಬರೆಯುವುದು: ಶಲ್ಯ ಎಡ ಹೆಗಲು, ಕನ್ನಡಕ ತೆಗೆದದ್ದು "ಬೇಡ"ಕ್ಕೆ ಮೊದಲು, ಎದ್ದದ್ದು ಬಲಗಾಲು ಮುಂದಿಟ್ಟು. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬಹುದಲ್ಲ ಎಂದು ಹುಡುಗರು ನಗುತ್ತಾರೆ. ಫೋಟೊದಲ್ಲಿ ಶಲ್ಯ ಸಿಗುತ್ತದೆ, ಯಾವ ಮಾತಿಗೆ ಅದನ್ನು ಸರಿಪಡಿಸಿಕೊಂಡೆ ಎಂಬುದು ಸಿಗುವುದಿಲ್ಲ. ಕ್ರಮೇಣ ಇನ್ನೊಂದು ಉಪಾಯ ಹೊಳೆಯಿತು: ತಾಲೀಮಿನಲ್ಲೇ ಕೈಗೆ ಕಡಿಮೆ ಕೆಲಸ ಕೊಡುವುದು. ಒಂದೇ ಗುಟುಕು, ಒಂದೇ ಮಾತಿನ ಮೇಲೆ. ಸಂಕಲನಕಾರನಿಗೆ ಕತ್ತರಿಸಲು ಸುಲಭವಾದರೆ ನನ್ನ ಮುಖ ಪರದೆಯ ಮೇಲೆ ಉಳಿಯುತ್ತದೆ. ನಾಲ್ಕು ಮಾತಿನ ಪಾತ್ರಧಾರಿಗೆ ಹೊಟ್ಟೆಪಾಡಿನ ಗುಟ್ಟು ಇದೇ.

ಸಂಭಾವನೆ ದಿನದ ಲೆಕ್ಕ. ಕೈಗೆ ಬರುವುದು ಯಾವಾಗ ಎಂಬುದನ್ನು ಇಲ್ಲಿ ಬರೆಯದಿರುವುದೇ ವಾಸಿ.

ಭಾಷೆಯ ಬಗ್ಗೆ ಮಾತ್ರ ಬರೆಯಲೇಬೇಕು. ಉತ್ತರ ಕರ್ನಾಟಕದ ಪಾತ್ರವೆಂದರೆ ಎರಡು ಪದಕ್ಕೊಂದು "ಮತ್ತ" ಅಂಟಿಸಿದ ಸಂಭಾಷಣೆ ಕೈಗೆ ಬರುತ್ತದೆ. ನಮ್ಮ ಕಡೆಯ ಗೌಡ ಸಿಟ್ಟಾದಾಗ ದನಿ ಇಳಿಸುತ್ತಾನೆ, ಮಾತು ಕಡಿಮೆ ಮಾಡುತ್ತಾನೆ. ಒಮ್ಮೆ ಕೇಳಿಕೊಂಡು ಹಾಗೆ ಮಾಡಿ ತೋರಿಸಿದೆ. ಒಪ್ಪಿದರು. ಮರುದಿನದ ಹಾಳೆಯಲ್ಲಿ ಮತ್ತೆ "ಮತ್ತ".

ಹುಬ್ಬಳ್ಳಿಯಲ್ಲಿ ರೈಲು ಹಿಡಿಯುವ ರಾತ್ರಿ ಪ್ಲಾಟ್‌ಫಾರಂನ ಉದ್ದಕ್ಕೂ ನಡೆಯುತ್ತ ಮಾತು ಬಾಯಿಪಾಠ ಮಾಡುತ್ತೇನೆ. 1507 ಮೀಟರ್ ಇದೆ, ಒಂದು ದೃಶ್ಯಕ್ಕೆ ಸಾಕಾಗಿ ಉಳಿಯುತ್ತದೆ.

ಮೂರು ತಿಂಗಳ ಚಿತ್ರೀಕರಣ ಮುಗಿಸಿ ಜಾತ್ರೆಯ ಕ್ಯಾಂಪಿಗೆ ಮರಳಿದಾಗ ಮೊದಲ ಪ್ರವೇಶದಲ್ಲೇ ಹಿಂದಿನ ಸಾಲಿನಿಂದ ಸಿಳ್ಳೆ ಬಿತ್ತು. ಟಿವಿಯಲ್ಲಿ ನೋಡಿ ಗುರುತಿಸಿದರು ಎಂದು ಒಳಗೊಳಗೇ ಹಿಗ್ಗಿದೆ. ಪರದೆ ಬಿದ್ದ ಮೇಲೆ ಕಾಲುಪೆಟ್ಟಿಗೆ (ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ) ನುಡಿಸುವ ಮಾಸ್ತರರು ಕರೆದು ಹೇಳಿದರು: "ಕಾಕಾ, ನಿಮ್ಮ ಒಂದು ಮಾತೂ ಅವರಿಗೆ ಕೇಳಿಸಲಿಲ್ಲ."