ಎಚ್‌ಆರ್‌ಎ ಕೋಣೆಯಲ್ಲಿ ಕಲಿತದ್ದು

‘ಪೈಲ್ಸ್ ಇರ್ಬೇಕು ಸಾರ್, ಮುಲಾಮು ಬರ್ಕೊಡಿ ಸಾಕು.’ ನನ್ನ ಹತ್ತಿರ ಬರುವ ಹೆಚ್ಚಿನವರ ಮೊದಲ ಮಾತೇ ಇದು. ಬಹಳಷ್ಟು ಸಲ ಅವರು ಹೇಳುವುದು ಸರಿಯೇ ಇರುತ್ತದೆ. ಆದರೆ ಎಚ್‌ಐವಿ ಜೊತೆ ವರ್ಷಗಟ್ಟಲೆ ಬದುಕಿದವರಿಗೆ ಗುದದ ಕ್ಯಾನ್ಸರ್‌ನ ಅಪಾಯ ಹೆಚ್ಚು; ಅಂಥವರು ಬಂದರೆ ಮುಲಾಮು ಬರೆಯುವ ಮೊದಲು ಬೆರಳಿಟ್ಟು ನೋಡುತ್ತೇನೆ. ಗಟ್ಟಿ ಗಂಟು ಇದ್ದರೆ ಬೆರಳಿಗೇ ಸಿಗುತ್ತದೆ. ಕ್ಯಾನ್ಸರ್‌ಗೆ ಮುಂಚಿನ ಹಂತ ಮಾತ್ರ ಬೆರಳಿಗೂ ಸಿಗದು, ಬರಿಗಣ್ಣಿಗೂ ಕಾಣದು.

ಅದನ್ನು ನೋಡಲು ಗುದದ ಒಳಭಾಗವನ್ನು ಹಿಗ್ಗಿಸಿ ತೋರಿಸುವ ಹೈ ರೆಸಲ್ಯೂಷನ್ ಅನೋಸ್ಕೋಪಿ, ಅಂದರೆ ಎಚ್‌ಆರ್‌ಎ ಬೇಕು. ಸಲಕರಣೆಗೆ ಪರದಾಡಬೇಕಿಲ್ಲ. ಸ್ತ್ರೀರೋಗ ವಿಭಾಗದಲ್ಲಿ ಗರ್ಭಕೊರಳು ನೋಡುವ ಕಾಲ್ಪೊಸ್ಕೋಪೇ ಸಾಕು. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಮರಗಟ್ಟಿಸುವ ಲಿಗ್ನೊಕೇನ್ ಜೆಲ್ ಹಚ್ಚಿ, ಶೇ 5ರ ಅಸಿಟಿಕ್ ಆಸಿಡ್‌ನಲ್ಲಿ ನೆನೆಸಿದ ಗಾಜ್ ಒಳಗಿಟ್ಟು ಒಂದೆರಡು ನಿಮಿಷ ಕಾಯುತ್ತೇನೆ. ಕೆಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಗೋಳು ಏನೆಂದರೆ, ಬೆಳ್ಳಗಾದದ್ದೆಲ್ಲ ಕೆಟ್ಟದ್ದಲ್ಲ. ಅಲ್ಲಿನ ಸಹಜ ಚರ್ಮವೂ ಕೆಲವೆಡೆ ತೆಳ್ಳಗೆ ಬಿಳಿಚಿಕೊಳ್ಳುತ್ತದೆ. ನಾನು ಹುಡುಕುವುದು ಬಿಳಿಯೊಳಗಿನ ರಕ್ತನಾಳಗಳನ್ನು: ಒರಟು ಕೆಂಪು ಚುಕ್ಕಿಗಳು, ಇಲ್ಲವೇ ನೆಲಕ್ಕೆ ಹಾಸಿದ ಹೆಂಚಿನ ಸಂದುಗಳಂಥ ಗೆರೆಗಳು. ಮೇಲೆ ಲುಗಾಲ್ಸ್ ಅಯೋಡಿನ್ ಹಚ್ಚಿದಾಗ ಕಂದು ಬಣ್ಣ ಹಿಡಿಯದೆ ಹಳದಿಯಾಗಿ ಉಳಿದರೆ ಅನುಮಾನ ಗಟ್ಟಿಯಾಗುತ್ತದೆ. ಮಡಿಕೆಗಳ ನಡುವೆ, ಮೂಲವ್ಯಾಧಿಯ ಉಬ್ಬಿನ ಹಿಂದೆ ಅಡಗಿರುವುದೇ ಹೆಚ್ಚು. ಆತುರಪಟ್ಟರೆ ಏನೂ ಕಾಣುವುದಿಲ್ಲ. ಕೊನೆಯ ತೀರ್ಪು ಬಯಾಪ್ಸಿಯದು.

ವರದಿಯಲ್ಲಿ ಎಚ್‌ಎಸ್‌ಐಎಲ್, ಅಂದರೆ ಆ ಕ್ಯಾನ್ಸರ್‌ ಮುಂಚಿನ ಹಂತ, ಅಂತ ಬಂದರೆ ಸುಡಬೇಕೋ, ಬರೀ ಗಮನಿಸುತ್ತಿರಬೇಕೋ ಎಂಬ ವಾದ ಬಹಳ ಕಾಲ ನಡೆದಿತ್ತು. ಅದನ್ನು ಬಗೆಹರಿಸಿದ್ದು ಅಮೆರಿಕದ ಆ್ಯಂಕರ್ ಅಧ್ಯಯನ. 35 ದಾಟಿದ, ಎಚ್‌ಐವಿ ಇರುವ, ಎಚ್‌ಎಸ್‌ಐಎಲ್ ಪತ್ತೆಯಾದ 4,400ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ ನೋಡಿದರು. ಚಿಕಿತ್ಸೆ ಪಡೆದ ಗುಂಪಿನಲ್ಲಿ 9 ಮಂದಿಗೆ ಕ್ಯಾನ್ಸರ್ ಆಯಿತು, ಗಮನಿಸುತ್ತಲೇ ಇದ್ದ ಗುಂಪಿನಲ್ಲಿ 21 ಮಂದಿಗೆ. 2022ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅಪಾಯ ಶೇ 57ರಷ್ಟು ತಗ್ಗಿತು. ಆ 9 ಮಂದಿಯ ವಿಷಯವನ್ನೂ ರೋಗಿಗಳಿಗೆ ಮುಚ್ಚಿಡದೆ ಹೇಳುತ್ತೇನೆ.

ಆ ಅಧ್ಯಯನದಲ್ಲಿ ಹೆಚ್ಚಿನವರಿಗೆ ಮಾಡಿದ್ದು ವಿದ್ಯುತ್ ಕಾಟರಿ. ನಾನೂ ಅದನ್ನೇ ಮಾಡುತ್ತೇನೆ. ಸಣ್ಣ ಸೂಜಿಯಿಂದ ಮರಗಟ್ಟಿಸಿ, ಸುಟ್ಟ ಪದರವನ್ನು ಒರೆಸಿ ತೆಗೆದು, ಕೆಳಗಿನ ರಕ್ತನಾಳ ಕಂಡೊಡನೆ ನಿಲ್ಲಿಸುವುದು. ಆಳಕ್ಕೆ ಹೋಗಿ ಸಾಧಿಸುವುದೇನಿಲ್ಲ. ಹೊಗೆಯಲ್ಲಿ ಈ ರೋಗಕ್ಕೆ ಕಾರಣವಾಗುವ ವೈರಸ್ ಎಚ್‌ಪಿವಿ ಇರಬಹುದಾದ್ದರಿಂದ ಹೊಗೆ ಹೀರುವ ಯಂತ್ರ, ಎನ್95 ಮಾಸ್ಕ್ ಕಡ್ಡಾಯ. ಸುತ್ತಲೂ ಹರಡಿದ್ದರೆ ಒಂದೇ ಸಲ ಸುಡುವುದಿಲ್ಲ, ದ್ವಾರ ಬಿಗಿದುಕೊಳ್ಳುವ ಭಯವಿದೆ. ಕಂತು ಮಾಡಿಕೊಳ್ಳುತ್ತೇನೆ, ಕೆಲವರಿಗೆ ಕೆಟ್ಟ ಜೀವಕೋಶ ಕೊಲ್ಲುವ ಫ್ಲೋರೋಯುರಾಸಿಲ್ ಕ್ರೀಮ್ ಕೊಡುತ್ತೇನೆ. ಅದರ ಉರಿ ತಡೆಯಲಾರದೆ ಅರ್ಧಕ್ಕೇ ಬಿಡುವವರೂ ಇದ್ದಾರೆ, ಅವರನ್ನು ಬೈದು ಪ್ರಯೋಜನವಿಲ್ಲ.

ಮನೆಗೆ ಹೋದ ಮೇಲೆ ಮಲವಿಸರ್ಜನೆಯ ಹೊತ್ತಿಗೆ ಒಂದೆರಡು ವಾರ ನೋವು, ಸ್ವಲ್ಪ ರಕ್ತ. ಬಿಸಿನೀರಿನ ಟಬ್, ಇಸಬ್‌ಗೋಲ್, ನೋವಿನ ಮಾತ್ರೆ. ಇದನ್ನು ಮೊದಲೇ ಹೇಳಿದ್ದರೆ ರಾತ್ರಿ ಗಾಬರಿಯ ಫೋನು ಬರುವುದಿಲ್ಲ.

ನಿಜವಾದ ತಲೆನೋವು ಮರುಕಳಿಸುವುದು. ಸುಟ್ಟ ಜಾಗದಲ್ಲೋ ಪಕ್ಕದಲ್ಲೋ ಮತ್ತೆ ಬರುವುದು ತೀರಾ ಸಾಮಾನ್ಯ. ‘ಹೋಯ್ತಲ್ಲ ಸಾರ್, ಇನ್ಯಾಕೆ?’ ಅನ್ನುವವರನ್ನು ಮತ್ತೆ ಆ ಮೇಜಿನ ಮೇಲೆ ಮಲಗಿಸುವುದು ಕಾಟರಿಗಿಂತ ಕಷ್ಟ. ನಾಚಿಕೆ ಒಂದು ಕಡೆ, ‘ಯಾಕೆ ಬಂತು’ ಅಂತ ಮನೆಯವರು ಕೇಳಿದರೆ ಎಂಬ ಭಯ ಇನ್ನೊಂದು ಕಡೆ. ಅದಕ್ಕೇ ನಮ್ಮ ಚೀಟಿಯಲ್ಲಿ ‘ಗುದ ತಪಾಸಣೆ’ ಅಂತಷ್ಟೇ ಇರುತ್ತದೆ. ಆರು ತಿಂಗಳ ನಂತರದ ತಾರೀಖನ್ನು ಅವರು ಎಚ್‌ಐವಿಯ ಎಆರ್‌ಟಿ ಮಾತ್ರೆ ಒಯ್ಯಲು ಬರುವ ದಿನಕ್ಕೇ ಹೊಂದಿಸುತ್ತೇವೆ. ದೂರದೂರಿನವರಿಗೆ ಒಂದು ಬಸ್ ಚಾರ್ಜು, ಒಂದು ದಿನದ ಕೂಲಿ ಉಳಿಯುತ್ತದೆ.