ರಾತ್ರಿ ಬ್ಲೋವರ್ ನಿಲ್ಲಿಸಿದರೆ ತೊಟ್ಟಿಯೊಳಗೆ ಏನಾಗುತ್ತದೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಎಸ್‌ಟಿಪಿಗಳನ್ನು, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕಗಳನ್ನು, ನೋಡಿಕೊಳ್ಳುವುದು ನನ್ನ ಕೆಲಸ. ಸರ್ಜಾಪುರ ರಸ್ತೆ, ವರ್ತೂರು, ಹೊರಮಾವು ಕಡೆ ಓಡಾಟ ಜಾಸ್ತಿ. ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ದೂರಿನವು: "ಮೇಡಂ, ಕೊಳೆತ ಮೊಟ್ಟೆ ವಾಸನೆ. ಗ್ರೌಂಡ್ ಫ್ಲೋರ್‌ನೋರು ಕಿಟಕಿ ತೆಗೆಯೋ ಹಾಗಿಲ್ಲ." ಬಚ್ಚಲು, ಪಾಯಿಖಾನೆಯ ನೀರು ಅಂದಮೇಲೆ ನಾರಲೇಬೇಕು ಎಂದು ಜನ ನಂಬಿದ್ದಾರೆ. ಹಾಗೇನಿಲ್ಲ. ಬ್ಲೋವರ್ ಎಂಬ ಯಂತ್ರ ಗಾಳಿ ಊದುವ ತೊಟ್ಟಿಯಲ್ಲಿ ಬರುವುದು ಹಸಿಮಣ್ಣಿನ ವಾಸನೆ. ಮೊಟ್ಟೆ ವಾಸನೆ ಬಂತೆಂದರೆ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಮುಗಿದು, ಅವು ಗಂಧಕದ ಮೊರೆ ಹೋಗಿವೆ ಎಂದರ್ಥ.

ಕಳೆದ ಬೇಸಿಗೆಯಲ್ಲಿ ನೋಡಿದ ಒಂದು ಕಟ್ಟಡದ ಸಂಗತಿ ಹೇಳುತ್ತೇನೆ. ನೆಲಮಾಳಿಗೆಯ ಘಟಕ. ಅಲ್ಲಿನ ಆಪರೇಟರ್ ರಾಯಚೂರು ಕಡೆಯ ಹುಡುಗ, ಚುರುಕು. ನಾನು ಕೇಳುವ ಮೊದಲೇ ಪ್ಯಾನೆಲ್ ಬಾಗಿಲು ತೆಗೆದು ತೋರಿಸಿದ. ಒಳಗಿನ ತಾಮ್ರದ ಟರ್ಮಿನಲ್‌ಗಳೆಲ್ಲ ಕಪ್ಪು ತಿರುಗಿದ್ದವು. ಕಸ ಗುಡಿಸುವ ಅಕ್ಕನ ಬೆಳ್ಳಿ ಕಾಲುಂಗುರವೂ ಕಪ್ಪಾಗಿತ್ತು. ಆ ಮೊಟ್ಟೆ ವಾಸನೆಯ ಅನಿಲ, ಹೈಡ್ರೋಜನ್ ಸಲ್ಫೈಡ್, ಇದೆ ಎನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಬ್ಲೋವರ್ ಎಷ್ಟು ಹೊತ್ತು ಓಡಿಸ್ತೀಯಪ್ಪ ಎಂದೆ. "ರಾತ್ರಿ ಬಂದ್ ಮಾಡಂತ ಹೇಳ್ಯಾರ್ರೀ ಮೇಡಂ, ಕರೆಂಟ್ ಬಿಲ್ ಭಾಳ ಬರ್ತೈತಂತ."

ಕಾರಣ ಅಲ್ಲೇ ಇತ್ತು. ಕೊಳಚೆ ನೀರಿನಲ್ಲಿ ಸಲ್ಫೇಟ್, ಅಂದರೆ ಗಂಧಕ ಆಮ್ಲಜನಕದ ಜೊತೆ ಕೂಡಿದ ಲವಣ, ಯಾವಾಗಲೂ ಇರುತ್ತದೆ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಿಂದ ಬರುತ್ತದೆ, ಸೋಡಿಯಂ ಸಲ್ಫೇಟ್ ಬೆರೆಸಿದ ಬಟ್ಟೆ ಪೌಡರಿನಿಂದ ಬರುತ್ತದೆ, ನಾವು ತಿಂದ ಬೇಳೆ, ಮೊಟ್ಟೆಗಳ ಪ್ರೋಟೀನಿನಲ್ಲಿರುವ ಗಂಧಕ ಮೈಯಲ್ಲಿ ಸಲ್ಫೇಟ್ ಆಗಿ ಮೂತ್ರದ ಜೊತೆಗೂ ಬರುತ್ತದೆ. ಕುಡಿಯುವ ನೀರಿನಲ್ಲೇ ಲೀಟರಿಗೆ 200 ಮಿಲಿಗ್ರಾಂ ಸಲ್ಫೇಟಿನವರೆಗೆ ಭಾರತೀಯ ಮಾನಕ ಒಪ್ಪುತ್ತದೆ. ಅದು ತನ್ನಷ್ಟಕ್ಕೆ ನಾರುವುದಿಲ್ಲ. ನೀರಿನಲ್ಲಿ ಆಮ್ಲಜನಕ ಇರುವವರೆಗೆ ಬ್ಯಾಕ್ಟೀರಿಯಾಗಳು ಅದನ್ನೇ ಬಳಸುತ್ತವೆ, ಏಕೆಂದರೆ ಹೆಚ್ಚು ಶಕ್ತಿ ಸಿಗುವುದು ಅದರಿಂದ. ಅದು ಮುಗಿದರೆ ನೈಟ್ರೇಟ್. ಅದೂ ಖಾಲಿಯಾದ ಮೇಲೆ ಸಲ್ಫೇಟಿನ ಸರದಿ. ಡೀಸಲ್ಫೋವಿಬ್ರಿಯೋ ಜಾತಿಯವು ಗೋಡೆಯ ಲೋಳೆಯಲ್ಲಿ, ತಳದ ಸ್ಲಡ್ಜ್‌ನಲ್ಲಿ, ಅಂದರೆ ಕೆಸರಿನಲ್ಲಿ, ಕಾದು ಕೂತಿರುತ್ತವೆ. ಕೊಳೆಯನ್ನು ಉಂಡು, ಸಲ್ಫೇಟನ್ನು ಉಸಿರಾಡಿ, ಸಲ್ಫೈಡನ್ನು ಹೊರಬಿಡುತ್ತವೆ. ಇಂಥ ಬ್ಯಾಕ್ಟೀರಿಯಾವನ್ನು ಡಚ್ ವಿಜ್ಞಾನಿ ಬೈಯೆರಿಂಕ್ 1895ರಲ್ಲೇ ಗುರುತಿಸಿದ್ದರು. ನೀರು ಕಪ್ಪಾಗುವುದೂ ಇದರಿಂದಲೇ: ಕಬ್ಬಿಣದ ಅಂಶ ಸಲ್ಫೈಡಿನೊಂದಿಗೆ ಕೂಡಿ ಕರಿಯ ಐರನ್ ಸಲ್ಫೈಡ್ ಆಗುತ್ತದೆ. ಬೆಳ್ಳಂದೂರು ಕೆರೆಯಂಥ ಕಡೆ ತಳದ ಹೂಳು ಅಷ್ಟು ಕಪ್ಪಗಿರುವುದಕ್ಕೂ ಇದೇ ಕಾರಣ.

ಅಸೋಸಿಯೇಷನ್ ಕಾರ್ಯದರ್ಶಿಗೆ ವಾಸನೆಗಿಂತ ದೊಡ್ಡ ನಷ್ಟ ತೋರಿಸಬೇಕಿತ್ತು. ಈಕ್ವಲೈಸೇಷನ್ ಟ್ಯಾಂಕಿನ, ಅಂದರೆ ಕೊಳಚೆ ನೀರು ಮೊದಲು ಬಂದು ಕೂಡುವ ತೊಟ್ಟಿಯ, ಮುಚ್ಚಳ ತೆಗೆಸಿ, ಬಾಯಿಯ ಅಂಚಿನ ಸ್ಲ್ಯಾಬಿನ ಒಳಮೈಯನ್ನು ಸ್ಕ್ರೂಡ್ರೈವರ್‌ನಿಂದ ಕೆರೆದೆ. ಕಾಂಕ್ರೀಟ್ ನೆನೆದ ಸುಣ್ಣದ ಹಾಗೆ ಉದುರಿತು. ಒದ್ದೆ ಜಾಗಕ್ಕೆ ಪಿಎಚ್ ಕಾಗದ ಒತ್ತಿದೆ, ಕೆಂಪಗಾಯಿತು. ಗಟ್ಟಿ ಆಮ್ಲ. ಅದೇ ಗೋಡೆಯಲ್ಲಿ ನೀರು ಮುಳುಗಿಸಿದ ಭಾಗವನ್ನು ಸರಳಿನಿಂದ ಕುಟ್ಟಿದರೆ ಠಣ್ ಎನ್ನುತ್ತಿತ್ತು. "ನೀರಲ್ಲಿರೋದು ಗಟ್ಟಿ, ಮೇಲಿರೋದು ಪುಡಿ, ಇದು ಹೆಂಗೆ ಮೇಡಂ?" ಎಂದರು ಅವರು.

ಮೇಲೆ ಗಾಳಿ ಇದೆ, ಅದಕ್ಕೆ ಸರ್. ನೀರಿನಿಂದ ಎದ್ದ ಅನಿಲ ಛಾವಣಿಯ ತೇವದಲ್ಲಿ ಕರಗುತ್ತದೆ. ಅಲ್ಲಿ ಬೇರೆಯದೇ ಬಳಗ ನೆಲೆಸಿದೆ: ಆಸಿಡಿಥಯೋಬ್ಯಾಸಿಲಸ್. ಇವಕ್ಕೆ ಸಲ್ಫೈಡೇ ಆಹಾರ. ಅದನ್ನು ಆಮ್ಲಜನಕದಲ್ಲಿ ಉರಿಸಿ ಶಕ್ತಿ ಪಡೆದು ಗಂಧಕಾಮ್ಲ ಮಾಡುತ್ತವೆ. ಆಮ್ಲ ಕಾಂಕ್ರೀಟಿನ ಸುಣ್ಣವನ್ನು ತಿಂದು ಜಿಪ್ಸಂ ಮಾಡಿ, ಕೊನೆಗೆ ಕಂಬಿಗೆ ಬಾಯಿ ಹಾಕುತ್ತದೆ. ಗಂಧಕದಿಂದಲೇ ಬದುಕುವ ಜೀವಿಗಳಿವೆ ಎಂಬುದನ್ನು ರಷ್ಯಾದ ವಿಜ್ಞಾನಿ ವಿನೋಗ್ರಾಡ್‌ಸ್ಕಿ 1887ರಲ್ಲಿ ಬೆಗ್ಗಿಯಾಟೋವಾ ಎಂಬ ಎಳೆಯಂಥ ಬ್ಯಾಕ್ಟೀರಿಯಾವನ್ನು ಅಭ್ಯಾಸ ಮಾಡಿ ತೋರಿಸಿದ್ದರು. ಒಳಚರಂಡಿಯ ಕಾಂಕ್ರೀಟ್ ತಿನ್ನುವುದರಲ್ಲಿ ಬ್ಯಾಕ್ಟೀರಿಯಾದ ಕೈವಾಡ ಹಿಡಿದವರು ಆಸ್ಟ್ರೇಲಿಯಾದ ಪಾರ್ಕರ್, 1945ರಲ್ಲಿ. ಉಳಿಸಿದ ಕರೆಂಟ್ ದುಡ್ಡು ಸ್ಲ್ಯಾಬ್ ರಿಪೇರಿಗೆ ಸಾಲುವುದಿಲ್ಲ ಎಂದೆ. ಅವರು ಒಪ್ಪಿದರು.

ಮಾಡಿದ ಕೆಲಸ ದೊಡ್ಡದೇನಲ್ಲ. ತಳದ ಸ್ಲಡ್ಜ್ ಪಂಪ್ ಮಾಡಿಸಿದೆವು, ಗಾಳಿಯನ್ನು ಗುಳ್ಳೆಗಳಾಗಿ ಬಿಡುವ, ಕಟ್ಟಿಕೊಂಡಿದ್ದ ಡಿಫ್ಯೂಸರ್ ಬದಲಿಸಿದೆವು, ಈಕ್ವಲೈಸೇಷನ್ ಟ್ಯಾಂಕಿನ ಗಾಳಿಗೆ ಟೈಮರ್ ಹಾಕಿ ರಾತ್ರಿಯೂ ಬಿಟ್ಟು ಬಿಟ್ಟು ಓಡುವ ಹಾಗೆ ಮಾಡಿದೆವು. ಗಾಳಿ ಊದುವ ತೊಟ್ಟಿಯಾದ ಏರೇಶನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇರುವಂತೆ ನೋಡಿಕೊಂಡೆವು. ಮೊದಮೊದಲು ಕ್ಯಾಲ್ಸಿಯಂ ನೈಟ್ರೇಟ್ ಕೂಡ ಹಾಕಿದೆ. ನೈಟ್ರೇಟ್ ಸಿಕ್ಕಿದರೆ ಬ್ಯಾಕ್ಟೀರಿಯಾಗಳು ಸಲ್ಫೇಟಿನ ತಂಟೆಗೆ ಹೋಗುವುದಿಲ್ಲ. ಒಂದು ಮಾತು ಮುಂಚೆಯೇ ನಿವಾಸಿಗಳಿಗೆ ತಿಳಿಸಿರಬೇಕು: ಗಾಳಿ ಬಿಟ್ಟ ಮೊದಲ ದಿನ ವಾಸನೆ ಹೆಚ್ಚಾಗುತ್ತದೆ. ನೀರಿನಲ್ಲಿ ಕರಗಿದ್ದ ಅನಿಲವನ್ನು ಗುಳ್ಳೆಗಳು ಹೊರಗೆಳೆಯುತ್ತವೆ. ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ, ಜನ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಶುರು ಮಾಡಿ.

ಕೆಲವು ದಿನಗಳಲ್ಲಿ ಕಾಲುವೆಯ ಅಂಚಿನಲ್ಲಿ ಬಿಳಿ ನವಿರು ಎಳೆಗಳು ಕಾಣಿಸಿಕೊಂಡವು. ಒಂದು ಹನಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಉದ್ದನೆಯ ಎಳೆ, ಒಳಗೆ ಸಾಲಾಗಿ ಮಿನುಗುವ ಕಾಳುಗಳು. ಎಳೆಗಳು ಸಲ್ಫೈಡ್ ತಿನ್ನುವ ಬ್ಯಾಕ್ಟೀರಿಯಾಗಳೇ, ಕಾಳುಗಳು ಅವು ತಿಂದು ಕೂಡಿಟ್ಟ ಗಂಧಕ. ಆಪರೇಟರ್ ಹುಡುಗ ಕಣ್ಣು ತೆಗೆಯಲೇ ಇಲ್ಲ. ಉಳಿದ ಸಲ್ಫೈಡೂ ತೀರಿದಾಗ ಅವು ಈ ಕಾಳುಗಳನ್ನೇ ಉರಿಸಿ ಮತ್ತೆ ಸಲ್ಫೇಟ್ ಮಾಡುತ್ತವೆ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ತೊಟ್ಟಿಯೊಳಗೆ ಮನುಷ್ಯರನ್ನು ಇಳಿಸುವುದಿಲ್ಲ. ಈ ಅನಿಲ ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ, 100 ಭಾಗ ದಾಟುವ ಹೊತ್ತಿಗೆ ಮೂಗೇ ಸತ್ತುಹೋಗಿ ಏನೂ ಇಲ್ಲ ಅನಿಸುತ್ತದೆ. ವಾಸನೆ ಹೋಯಿತೆಂದು ಇಳಿದವರು ಮೇಲೆ ಬಂದಿಲ್ಲ. ಮುಚ್ಚಳ ತೆಗೆಯುವ ಮೊದಲೇ ಗ್ಯಾಸ್ ಮೀಟರ್ ಕೈಯಲ್ಲಿರಬೇಕು.

ಗಾಳಿ ಬಿಟ್ಟರೆ ಸಲ್ಫೇಟ್ ಹೋಗಿಬಿಡುವುದಿಲ್ಲ ಎಂಬುದನ್ನೂ ಅಸೋಸಿಯೇಷನ್ ಮೀಟಿಂಗಿನಲ್ಲಿ ಹೇಳಿದೆ. ಒಳಗೆ ಬಂದಷ್ಟೇ ಹೆಚ್ಚುಕಡಿಮೆ ಹೊರಗೂ ಹೋಗುತ್ತದೆ. ಹಾಗಾಗಿ ಶುದ್ಧವಾದ ನೀರು ಫ್ಲಶ್ ಟ್ಯಾಂಕಿನಲ್ಲಿ ದಿನಗಟ್ಟಲೆ ನಿಂತರೆ, ತಳದಲ್ಲಿ ಒಂದಿಷ್ಟು ಕೆಸರು ಕೂತರೆ, ಮತ್ತೆ ಅದೇ ಆಟ. ದಸರಾ ರಜೆಗೆ ಅರ್ಧ ಕಟ್ಟಡ ಊರಿಗೆ ಹೋಗುವ ಮುಂಚೆ ಆ ಟ್ಯಾಂಕ್ ತೊಳೆಸಿಡಿ ಎಂದು ಕಾರ್ಯದರ್ಶಿಗೆ ಬರೆದುಕೊಟ್ಟು ಬಂದೆ.