ಕ್ಲಸ್ಟರಿನ ಡಿಸ್ಕುಗಳಿಗೆ ಹೆಸರಿಟ್ಟು ಲೆಕ್ಕ ಇಡುವ ಬಗೆ: ನನ್ನ ಅನುಭವ

ಎರಡು ನೋಡ್‌ಗಳ ಒರಾಕಲ್ ರ‍್ಯಾಕ್ (ಒಂದೇ ಡೇಟಾಬೇಸನ್ನು ಹಲವು ಸರ್ವರುಗಳು, ಅಂದರೆ ನೋಡ್‌ಗಳು, ಸೇರಿ ನಡೆಸುವ ಕ್ಲಸ್ಟರ್), ಕೆಳಗೆ ರೆಡ್‌ಹ್ಯಾಟ್ ಲಿನಕ್ಸ್, ಫೈಬರ್ ಚಾನೆಲ್ ಸ್ಟೋರೇಜ್. ಒಂದು ಲನ್ (ಸ್ಟೋರೇಜ್ ಬಾಕ್ಸಿನಿಂದ ಸರ್ವರಿಗೆ ಕೊಡುವ ಡಿಸ್ಕು) ಕೊಟ್ಟರೆ ಪ್ರತಿ ಸರ್ವರಿನಲ್ಲೂ ನಾಲ್ಕು ಡಿಸ್ಕು ಕಾಣುತ್ತವೆ: ಸರ್ವರಿನ ಎರಡು ಎಚ್‌ಬಿಎ (ಸ್ಟೋರೇಜಿಗೆ ಜೋಡಿಸುವ ಕಾರ್ಡ್) ಪೋರ್ಟು, ಒಂದೊಂದಕ್ಕೂ ಸ್ಟೋರೇಜಿನ ಎರಡೆರಡು ಪೋರ್ಟು, ಒಟ್ಟು ನಾಲ್ಕು ದಾರಿ (ಪಾತ್). ಹತ್ತು ಲನ್ ಅಂದರೆ ನಲವತ್ತು ಎಸ್‌ಡಿ ಹೆಸರು (ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಥರದವು). ಕರ್ನಲ್ ಕಂಡ ಸರದಿಯಂತೆ ಬೀಳುವ ಈ ಹೆಸರುಗಳು ರೀಬೂಟಿನಲ್ಲಿ ಬದಲಾಗಬಹುದು. ಮೊದಲ ನೋಡಿನ ಎಸ್‌ಡಿಎಫ್ ಎರಡನೆಯದರಲ್ಲಿ ಬೇರೆಯೇ ಡಿಸ್ಕಾಗಿರಬಹುದು. ಹಾಗಾಗಿ ಎಸ್‌ಡಿ ಹೆಸರನ್ನು ನಾವು ಟಿಕೆಟ್ಟಿನಲ್ಲೂ ಬರೆಯುವುದಿಲ್ಲ.

ನೆಚ್ಚಬಹುದಾದ ಗುರುತು ಡಬ್ಲ್ಯುಡಬ್ಲ್ಯುಐಡಿ, ಅಂದರೆ ಪ್ರತಿ ಲನ್ನಿಗೂ ಬೇರೆಯಾಗಿದ್ದು, ಯಾವ ಪಾತ್‌ನಿಂದ ನೋಡಿದರೂ ಬದಲಾಗದ ಗುರುತು. ಸ್ಕಸಿ-ಐಡಿ ಕಮಾಂಡ್ ಅದನ್ನು ಸಾಮಾನ್ಯವಾಗಿ 33 ಅಕ್ಷರಗಳಲ್ಲಿ ಕೊಡುತ್ತದೆ. ಮೊದಲ 3 ಗುರುತಿನ ಬಗೆಯನ್ನು ಹೇಳುವ ಅಂಕಿ. ಸ್ಟೋರೇಜ್ ಕನ್ಸೋಲಿನೊಂದಿಗೆ ತಾಳೆ ನೋಡುವಾಗ ಅದನ್ನು ಬಿಟ್ಟು ಉಳಿದ 32 ನೋಡಬೇಕು. ವಿಎಂವೇರ್ ಗೆಸ್ಟಿನಲ್ಲಿ (ವರ್ಚುವಲ್ ಮಷೀನಿನಲ್ಲಿ) ಕಮಾಂಡ್ ಖಾಲಿ ಬಂದರೆ ವಿಎಂ ಸೆಟ್ಟಿಂಗಿನಲ್ಲಿ ಡಿಸ್ಕ್ ಯುಯುಐಡಿ ಆನ್ ಆಗಿದೆಯೇ ಎಂದು ಮೊದಲು ನೋಡಿ.

ನಾಲ್ಕು ಪಾತ್‌ಗಳನ್ನು ಒಂದೇ ಡಿಸ್ಕಾಗಿ ತೋರಿಸುವ ಮಲ್ಟಿಪಾತ್ ತಾನಾಗಿ ಕೊಡುವ ಎಂಪಾತ್‌ಎ, ಎಂಪಾತ್‌ಬಿ ಹೆಸರುಗಳೂ ಬೇಡ. ಅವು ಆಯಾ ನೋಡಿನ ಬೈಂಡಿಂಗ್ಸ್ ಫೈಲಿಗೆ ಸೇರಿದವು, ಎರಡೂ ಕಡೆ ಒಂದೇ ಇರುತ್ತವೆಂಬ ಖಾತ್ರಿಯಿಲ್ಲ. ಮಲ್ಟಿಪಾತ್ ಕಾನ್ಫಿಗ್ ಫೈಲಿನಲ್ಲಿ ಪ್ರತಿ ಡಬ್ಲ್ಯುಡಬ್ಲ್ಯುಐಡಿಗೂ ನಾವೇ ಅಲಿಯಾಸ್ ಬರೆದು, ಆ ಭಾಗವನ್ನು ಎರಡೂ ನೋಡಿಗೆ ಕಾಪಿ ಮಾಡುತ್ತೇವೆ. ಅಲಿಯಾಸಿನಲ್ಲಿ ಮೂರೇ ಸಂಗತಿ: ಡಿಸ್ಕ್ ಗ್ರೂಪ್ (ಒರಾಕಲಿನ ಡಿಸ್ಕ್ ಮ್ಯಾನೇಜರ್ ಆದ ಎಎಸ್‌ಎಂ ಒಟ್ಟಾಗಿ ಬಳಸುವ ಡಿಸ್ಕುಗಳ ಗುಂಪು), ಸ್ಟೋರೇಜ್ ಬಾಕ್ಸ್, ಕ್ರಮಸಂಖ್ಯೆ. ಉದಾಹರಣೆಗೆ ಎಎಸ್‌ಎಂ_ಡೇಟಾ_ಎ1_03. ಗಾತ್ರ ಸೇರಿಸಿದರೆ ಲನ್ ದೊಡ್ಡದು ಮಾಡಿದ ದಿನವೇ ಹೆಸರು ಸುಳ್ಳಾಗುತ್ತದೆ. ತೆಗೆದ ಡಿಸ್ಕಿನ ಕ್ರಮಸಂಖ್ಯೆಯನ್ನು ಮತ್ತೆ ಬಳಸುವುದಿಲ್ಲ. ಸ್ಟೋರೇಜಿನ ವಾಲ್ಯೂಮಿಗೂ ಎಎಸ್‌ಎಂ ಡಿಸ್ಕಿಗೂ ಇದೇ ಹೆಸರು.

ಯುಡೆವ್ (ಡಿಸ್ಕುಗಳ ಹೆಸರು, ಅನುಮತಿ ನೋಡಿಕೊಳ್ಳುವ ಲಿನಕ್ಸ್ ವ್ಯವಸ್ಥೆ) ರೂಲಿನಲ್ಲಿ ಈ ಹೆಸರಿನ ಡಿಎಂ (ಮಲ್ಟಿಪಾತ್ ಮಾಡಿದ) ಡಿಸ್ಕುಗಳಿಗೆ ಓನರ್ ಗ್ರಿಡ್, ಗ್ರೂಪ್ ಎಎಸ್‌ಎಂಅಡ್ಮಿನ್, ಮೋಡ್ 0660. ಎಎಸ್‌ಎಂ ಎಲ್ಲಿ ಡಿಸ್ಕು ಹುಡುಕಬೇಕೆಂದು ಹೇಳುವ ಡಿಸ್ಕ್‌ಸ್ಟ್ರಿಂಗ್, ಮಲ್ಟಿಪಾತ್ ಹೆಸರುಗಳಿರುವ ಮ್ಯಾಪರ್ ಡೈರೆಕ್ಟರಿಯ ನಮ್ಮ ಹೆಸರುಗಳನ್ನು ಮಾತ್ರ ತೋರಿಸಬೇಕು. ಎಸ್‌ಡಿಗಳನ್ನೂ ಸೇರಿಸಿದರೆ ಅದೇ ಡಿಸ್ಕು ಹಲವು ಸಲ ಕಂಡು ಒಆರ್‌ಎ-15020 (ಒಂದೇ ಡಿಸ್ಕು ಎರಡು ಸಲ ಕಂಡಿತೆಂಬ ದೋಷ) ಬರುತ್ತದೆ. ಇನ್ನೊಂದು, ಎಎಸ್‌ಎಂ ಕ್ಯಾಂಡಿಡೇಟ್ (ಸೇರಿಸಬಹುದಾದ ಡಿಸ್ಕು) ಎಂದು ತೋರಿಸಿದ ಮಾತ್ರಕ್ಕೆ ಡಿಸ್ಕು ಖಾಲಿ ಎಂದಲ್ಲ. ಎಎಸ್‌ಎಂ ಹುಡುಕುವುದು ತನ್ನ ಹೆಡರನ್ನಷ್ಟೇ (ಡಿಸ್ಕಿನ ಶುರುವಿನಲ್ಲಿ ತಾನು ಬರೆದ ಗುರುತು). ಎಲ್‌ವಿಎಂ (ಲಿನಕ್ಸಿನ ವಾಲ್ಯೂಮ್ ಮ್ಯಾನೇಜರ್) ಅಥವಾ ಫೈಲ್‌ಸಿಸ್ಟಂ ಇದೆಯೇ ಎಂದು ಬ್ಲಾಕ್‌ಐಡಿ ಕಮಾಂಡಿನಲ್ಲಿ ಮೊದಲು ನೋಡಿ.

ಡಿಸ್ಕು ಸೇರಿಸುವುದಕ್ಕಿಂತ ತೆಗೆಯುವಾಗಲೇ ಅನಾಹುತ ಜಾಸ್ತಿ. ಮೊದಲು ಎಎಸ್‌ಎಂನಿಂದ ಡ್ರಾಪ್, ರೀಬ್ಯಾಲೆನ್ಸ್ (ಅದರ ಡೇಟಾ ಉಳಿದ ಡಿಸ್ಕುಗಳಿಗೆ ಹೋಗುವುದು) ಪೂರ್ತಿ ಮುಗಿದು ಹೆಡರ್ ಫಾರ್ಮರ್ (ಹಿಂದೆ ಗ್ರೂಪಿನಲ್ಲಿದ್ದದ್ದು) ಎನ್ನುವವರೆಗೆ ಕಾಯಬೇಕು. ಆಮೇಲೆ ನಾಲ್ಕು ಎಸ್‌ಡಿ ಹೆಸರನ್ನು ಗುರುತು ಹಾಕಿಕೊಂಡು ಮಲ್ಟಿಪಾತ್ ಮ್ಯಾಪ್ ಫ್ಲಶ್ ಮಾಡಿ (ತೆಗೆದುಹಾಕಿ), ಒಂದೊಂದೇ ಎಸ್‌ಡಿಯ ಡಿಲೀಟ್ ಫೈಲಿಗೆ 1 ಬರೆಯಬೇಕು. ಎರಡೂ ನೋಡಿನಲ್ಲಿ ಇದಾದ ಮೇಲಷ್ಟೇ ಸ್ಟೋರೇಜಿನಲ್ಲಿ ಅನ್‌ಮ್ಯಾಪ್ (ಸರ್ವರಿನಿಂದ ಲನ್ ಬಿಡಿಸುವುದು). ತಿರುಗುಮುರುಗಾದರೆ, ಪಾತ್ ಇಲ್ಲದಾಗ ಕ್ಯೂ ಮಾಡುವ ಸೆಟ್ಟಿಂಗ್ ಇದ್ದಲ್ಲಿ, ಆ ಡಿಸ್ಕು ಮುಟ್ಟಿದ ಪ್ರಾಸೆಸ್ಸುಗಳು ಡಿ ಸ್ಥಿತಿಯಲ್ಲಿ (ಡಿಸ್ಕಿನ ಉತ್ತರಕ್ಕೆ ಕಾಯುತ್ತ) ನೇತಾಡುತ್ತವೆ, ಕಿಲ್ -9ಕ್ಕೂ ಜಗ್ಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅಳಿಸದೆ ಉಳಿದ ಎಸ್‌ಡಿಯ ಲನ್ ನಂಬರಿಗೇ ಸ್ಟೋರೇಜಿನವರು ಹೊಸ ಡಿಸ್ಕು ಕೊಟ್ಟರೆ, ಹಳೆಯ ಹೆಸರಿನಡಿ ಹೊಸ ಡಿಸ್ಕಿಗೆ ಡೇಟಾ ಬೀಳುವ ಅಪಾಯವಿದೆ.

ಲೆಕ್ಕಕ್ಕೆ ಒಂದೇ ಶೀಟು: ಅಲಿಯಾಸ್, ಡಬ್ಲ್ಯುಡಬ್ಲ್ಯುಐಡಿ, ಗಾತ್ರ, ಡಿಸ್ಕ್ ಗ್ರೂಪ್, ಕೊಟ್ಟ ದಿನ, ತೆಗೆದ ದಿನ. ತೆಗೆದ ಸಾಲನ್ನು ಅಳಿಸುವುದಿಲ್ಲ. ದಿನಕ್ಕೊಮ್ಮೆ ಕ್ರಾನ್ ಜಾಬ್ ಎರಡೂ ನೋಡಿನ ಅಲಿಯಾಸ್-ಡಬ್ಲ್ಯುಡಬ್ಲ್ಯುಐಡಿ ಪಟ್ಟಿ ಹೋಲಿಸಿ, ವ್ಯತ್ಯಾಸ ಕಂಡರೆ ಮೇಲ್ ಕಳಿಸುತ್ತದೆ. ನಾಲ್ಕಕ್ಕಿಂತ ಕಡಿಮೆ ಪಾತ್ ಇರುವ ಡಿಸ್ಕೂ ಅದೇ ಮೇಲಿನಲ್ಲಿ ಬರುತ್ತದೆ.